ವಾಲಬ್ಯಾಗ್: ಪಾಕೆಟ್ ಬಿಟ್ಟು ಹೊರಟ ಬರಹಗಳಿಗೆ ಸಿಕ್ಕ ಜಾಗ

ಜಾಲದ ಬರಹಗಳನ್ನು ಉಳಿಸಿಟ್ಟು ಆಮೇಲೆ ಓದಲು ನೆರವಾಗುತ್ತಿದ್ದ ಪಾಕೆಟ್ ಸೇವೆಯನ್ನು ನಿಲ್ಲಿಸುವುದಾಗಿ ಮೊಜಿಲ್ಲಾ ಸಂಸ್ಥೆ 2025ರ ಮೇ 22ರಂದು ಪ್ರಕಟಿಸಿದಾಗ, ‘ಆಮೇಲೆ ಓದೋಣ’ ಎಂದು ಅದರಲ್ಲಿ ಹದಿಮೂರು ವರ್ಷಗಳಿಂದ ನಾನು ಕೂಡಿಡುತ್ತ ಬಂದಿದ್ದ ಬರಹಗಳ ಸಂಖ್ಯೆ ಆರು ಸಾವಿರ ದಾಟಿತ್ತು. ಕೆರೆ-ಕಟ್ಟೆಗಳ ಚರಿತ್ರೆ, ಶಾಸನಗಳ ಓದು, ಭಾಷಾವಿಜ್ಞಾನ, ಜಾನಪದ, ಮಳೆ ಮತ್ತು ಬೆಳೆಗಳ ಲೆಕ್ಕ, ಒಳ್ಳೆಯ ಪುಸ್ತಕ ವಿಮರ್ಶೆಗಳು ಇವೆಲ್ಲ ಅದರಲ್ಲಿದ್ದವು. ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುವ ನನಗೆ ಅದು ಬಿಡುವಿನ ಓದಿನ ಪಟ್ಟಿಯಾಗಿ ಆರಂಭವಾಗಿ, ಕ್ರಮೇಣ ಪಾಠದ ಟಿಪ್ಪಣಿಗಳ ಆಧಾರವಾಗಿತ್ತು. ಜುಲೈ 8ರ ನಂತರ ಪಾಕೆಟ್‌ನಿಂದ ಪಟ್ಟಿಯನ್ನು ಹೊರತೆಗೆಯಬಹುದೇ ಹೊರತು ಹೊಸದನ್ನು ಸೇರಿಸಲಾಗದು ಎಂದೂ, ಅದಕ್ಕೂ ಅಕ್ಟೋಬರ್ 8 ಕೊನೆಯ ದಿನವೆಂದೂ ಮೊದಲ ಪ್ರಕಟಣೆ ಹೇಳಿತ್ತು. ಆ ಗಡುವಿನೊಳಗೆ ನಾನು ಮಾಡಿದ ಸ್ಥಳಾಂತರ, ಆರಿಸಿಕೊಂಡ ವಾಲಬ್ಯಾಗ್ ಎಂಬ ಆ್ಯಪ್, ಮತ್ತು ಕನ್ನಡ ಬರಹಗಳನ್ನು ಉಳಿಸಿಕೊಳ್ಳಬಯಸುವವರಿಗೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ಪಾಕೆಟ್ ಹುಟ್ಟಿದ್ದು 2007ರಲ್ಲಿ, ನೇಟ್ ವೈನರ್ ಅವರು ಫೈರ್‌ಫಾಕ್ಸ್ ಬ್ರೌಸರ್‌ಗಾಗಿ ರೂಪಿಸಿದ ‘ರೀಡ್ ಇಟ್ ಲೇಟರ್’ ಎಂಬ ಪುಟ್ಟ ಉಪಕರಣವಾಗಿ. 2012ರಲ್ಲಿ ಅದಕ್ಕೆ ಪಾಕೆಟ್ ಎಂಬ ಹೆಸರು ಬಂತು. 2017ರಲ್ಲಿ ಮೊಜಿಲ್ಲಾ ಅದನ್ನು ಕೊಂಡುಕೊಂಡಿತು. ಒಂದು ಗುಂಡಿ ಒತ್ತಿದರೆ ಸಾಕು, ಜಾಹೀರಾತುಗಳ ನಡುವೆ ಚೂರುಚೂರಾಗಿ ಕಾಣುತ್ತಿದ್ದ ಲೇಖನ ಅಚ್ಚುಕಟ್ಟಾದ ಪುಟವಾಗಿ ಬಂದು ಕೂರುತ್ತಿತ್ತು, ಮತ್ತು ಬಸ್ಸಿನಲ್ಲಿ ಸಂಪರ್ಕವಿಲ್ಲದಿದ್ದಾಗಲೂ ಓದಲು ಸಿಗುತ್ತಿತ್ತು. ಆ ಅನುಕೂಲದಲ್ಲಿ ನಾನು ಗಮನಿಸದೆ ಹೋದ ಸಂಗತಿ ಒಂದಿತ್ತು. ಕಣ್ಣೆದುರು ಇಡೀ ಲೇಖನವೇ ಕಾಣುತ್ತಿದ್ದುದರಿಂದ, ನನ್ನ ಬಳಿ ಇರುವುದು ಲೇಖನವೇ ಎಂದು ನಂಬಿದ್ದೆ. ಹೊರಡುವ ದಿನ ಕೈಗೆ ಬಂದದ್ದು ಲೇಖನಗಳಲ್ಲ, ಲೇಖನಗಳ ವಿಳಾಸಗಳ ಪಟ್ಟಿ ಮಾತ್ರ. ಊರಿನ ಜನರೆಲ್ಲರ ಮನೆ ನಂಬರು ಬರೆದುಕೊಂಡಿದ್ದವರಿಗೆ ಆ ಮನೆಗಳಲ್ಲಿ ಈಗಲೂ ಅವರೇ ಇದ್ದಾರೆಯೇ ಎಂಬುದು ಹೋಗಿ ಬಾಗಿಲು ತಟ್ಟಿದಾಗಲೇ ತಿಳಿಯುವುದು.

ಹೊಸ ಆ್ಯಪ್ ಹುಡುಕುವಾಗ ನಾನು ಮುಂದಿಟ್ಟುಕೊಂಡ ಅಳತೆಗೋಲು ಇದರಿಂದಲೇ ಬಂತು. ಓದುವ ಪುಟ ಎಷ್ಟು ಚೆಂದ ಎಂಬುದಕ್ಕಿಂತ, ಲೇಖನದ ಪಠ್ಯವನ್ನು ಅದು ನಿಜವಾಗಿಯೂ ಇಟ್ಟುಕೊಳ್ಳುತ್ತದೆಯೇ, ನಾಳೆ ಅದನ್ನೂ ಬಿಟ್ಟು ಹೋಗಬೇಕಾದರೆ ಆ ಪಠ್ಯವನ್ನು ನನ್ನ ಕೈಗೆ ಕೊಡುತ್ತದೆಯೇ ಎಂಬುದನ್ನು ಮೊದಲು ಕೇಳಿದೆ. ಈ ಎಚ್ಚರಿಕೆಗೆ ಇನ್ನೊಂದು ಕಾರಣವೂ ಇತ್ತು. ಪಾಕೆಟ್‌ಗೆ ಬದಲಿಯೆಂದು ಹಲವರು ನೆಚ್ಚಿಕೊಂಡಿದ್ದ ಓಮ್ನಿವೋರ್ ಎಂಬ ಆ್ಯಪ್‌ನ ತಂಡವು 2024ರ ಅಕ್ಟೋಬರ್ ಕೊನೆಯಲ್ಲಿ ಇಲೆವೆನ್‌ಲ್ಯಾಬ್ಸ್ ಎಂಬ ಕಂಪನಿಯನ್ನು ಸೇರಿತು, ಅದರ ಸೇವೆ ನವೆಂಬರ್‌ನಲ್ಲಿಯೇ ನಿಂತಿತು. ಒಂದು ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿ ಗಂಟು ಬಿಚ್ಚುವ ಮೊದಲೇ ಮತ್ತೆ ಹೊರಡಬೇಕಾದ ಸ್ಥಿತಿ ಅದನ್ನು ಬಳಸುತ್ತಿದ್ದವರದಾಯಿತು.

ವಾಲಬ್ಯಾಗ್ ಮುಕ್ತ ತಂತ್ರಾಂಶ, ಎಂದರೆ ಯಾರು ಬೇಕಾದರೂ ಪಡೆದು ಬಳಸಬಹುದಾದದ್ದು. ಫ್ರಾನ್ಸಿನ ನಿಕೊಲಾ ಲೊಯ್ಲೆ ಅವರು 2013ರಲ್ಲಿ ‘ಪೋಶ್’ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಜೇಬು ಎಂದೇ ಅರ್ಥ. ಮರು ವರ್ಷ ಹೆಸರು ಬದಲಾಗಿ, ಕಾಂಗರೂ ಕುಲಕ್ಕೆ ಸೇರಿದ, ಹೊಟ್ಟೆಯಲ್ಲಿ ಚೀಲವಿರುವ ವಾಲಬಿ ಎಂಬ ಸಣ್ಣ ಪ್ರಾಣಿಯ ಹೆಸರು ಇದಕ್ಕೆ ಬಂತು. ಇದನ್ನು ಬಳಸಲು ಎರಡು ದಾರಿಗಳಿವೆ: ತಿಳಿದವರು ತಮ್ಮದೇ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು, ಅದು ಬೇಡವೆಂದರೆ ವಾರ್ಷಿಕ ಶುಲ್ಕ ಕೊಟ್ಟು ಯೋಜನೆಯವರೇ ನಡೆಸುವ ವಾಲಬ್ಯಾಗ್ ಡಾಟ್ ಐಟಿ ಎಂಬ ಸೇವೆಯಲ್ಲಿ ಖಾತೆ ತೆರೆಯಬಹುದು. ಸರ್ವರ್‌ಗಳ ಪರಿಚಯವಿಲ್ಲದ ನಾನು ಎರಡನೆಯದನ್ನು ಆರಿಸಿಕೊಂಡೆ. ಶುಲ್ಕವನ್ನು ಯೂರೋ ನಾಣ್ಯದಲ್ಲಿ ಕಟ್ಟಬೇಕಾದುದರಿಂದ, ಬ್ಯಾಂಕಿನ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರದ ಸೌಲಭ್ಯವನ್ನು ಮೊದಲು ತೆರೆದುಕೊಳ್ಳಬೇಕು. ನಮ್ಮಲ್ಲಿ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ.

ಸ್ಥಳಾಂತರದ ಮೊದಲ ಹೆಜ್ಜೆ ಪಾಕೆಟ್ ಕೊಟ್ಟ ಸಿಎಸ್‌ವಿ ಕಡತವನ್ನು, ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯನ್ನು, ಅರ್ಥ ಮಾಡಿಕೊಳ್ಳುವುದು. ಅದರಲ್ಲಿ ಐದು ಕಾಲಂಗಳಿದ್ದವು: ಲೇಖನದ ತಲೆಬರಹ, ವಿಳಾಸ, ಸೇರಿಸಿದ ಹೊತ್ತು, ಟ್ಯಾಗ್‌ಗಳು, ಮತ್ತು ಓದಿ ಮುಗಿಸಿದ್ದೋ ಬಾಕಿಯೋ ಎಂಬ ಸೂಚನೆ. ಸೇರಿಸಿದ ಹೊತ್ತು ನಾವು ಓದುವ ದಿನಾಂಕದ ರೂಪದಲ್ಲಿರಲಿಲ್ಲ. 1970ರ ಜನವರಿ 1ರಿಂದ ಕಳೆದುಹೋದ ಸೆಕೆಂಡುಗಳ ಲೆಕ್ಕದಲ್ಲಿ, ಹತ್ತು ಅಂಕಿಗಳ ಸಂಖ್ಯೆಯಾಗಿ ಇತ್ತು. ಉದಾಹರಣೆಗೆ 1400000000 ಎಂಬ ಸಂಖ್ಯೆ ಕಂಡರೆ ಅದು 2014ರ ಮೇ 13ರಂದು ಭಾರತೀಯ ಕಾಲಮಾನ ರಾತ್ರಿ 10 ಗಂಟೆ 23 ನಿಮಿಷ ಎಂದು ತಿಳಿಯಬೇಕು. ಆ ಸಂಖ್ಯೆಗಳನ್ನು ಬೇಡದ ಕಸವೆಂದು ಅಳಿಸಿಬಿಡುವ ಮನಸ್ಸಾದೀತು. ಹಾಗೆ ಮಾಡಬಾರದು. ಅವು ಎಷ್ಟು ಬೆಲೆಯುಳ್ಳವು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಕಡತವನ್ನು ಮೊದಲ ಸಲ ತೆರೆದಾಗ ನನ್ನ ಎದೆ ಒಡೆದಂತಾಯಿತು. ಕನ್ನಡ ತಲೆಬರಹಗಳೆಲ್ಲವೂ ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳಾಗಿ ಕಾಣುತ್ತಿದ್ದವು. ಎಲ್ಲವೂ ಹಾಳಾಯಿತೆಂದು ತಿಳಿದು, ಆ ಸ್ಥಿತಿಯಲ್ಲಿಯೇ ಕಡತವನ್ನು ಮತ್ತೆ ಉಳಿಸಿ, ಸುಸ್ಥಿತಿಯಲ್ಲಿದ್ದ ಮಾಹಿತಿಯನ್ನು ನಾನೇ ಕೈಯಾರೆ ಕೆಡಿಸಿದೆ. ಪಾಕೆಟ್‌ನಿಂದ ಅದನ್ನು ಎರಡನೆಯ ಬಾರಿ ಇಳಿಸಿಕೊಳ್ಳಬೇಕಾಯಿತು. ಗಡುವು ಮುಗಿದಿದ್ದರೆ ಆ ತಪ್ಪನ್ನು ತಿದ್ದುವ ದಾರಿಯೇ ಇರುತ್ತಿರಲಿಲ್ಲ. ಇದರ ಕಾರಣ ಸರಳವಾಗಿದೆ. ಕಡತವು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿರುತ್ತದೆ. ಅದರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆ ಮೂರು ಬೈಟುಗಳಷ್ಟು ಜಾಗ ತೆಗೆದುಕೊಳ್ಳುತ್ತದೆ. ಸ್ಪ್ರೆಡ್‌ಶೀಟ್ ತಂತ್ರಾಂಶವು ಇದನ್ನು ಊಹಿಸದೆ ಹಳೆಯ ರೋಮನ್ ಕ್ರಮವೆಂದು ಭಾವಿಸಿದರೆ, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ತೋರಿಸುತ್ತದೆ. ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ನಲ್ಲಿ ಸಿಎಸ್‌ವಿ ಕಡತವನ್ನು ತೆರೆಯುವಾಗ ಯಾವ ಸಂಕೇತಕ್ರಮವೆಂದು ಅದೇ ಕೇಳುತ್ತದೆ. ಅಲ್ಲಿ ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಮೂಲ ಕಡತವನ್ನು ಮುಟ್ಟದೆ ಬೇರೊಂದು ಕಡೆ ತೆಗೆದಿಟ್ಟು, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು.

ವಿಳಾಸಗಳ ಕಾಲಂ ಕೂಡ ಕನ್ನಡದವರನ್ನು ಗಾಬರಿಗೊಳಿಸುವಂಥದ್ದೇ. ಕನ್ನಡ ವಿಕಿಪೀಡಿಯದಂತಹ ತಾಣಗಳಲ್ಲಿ ವಿಳಾಸದೊಳಗೇ ಕನ್ನಡ ಪದಗಳಿರುತ್ತವೆ. ಅವನ್ನು ಸಾಗಿಸುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿದಂತೆ ಮೂರು ಅಕ್ಷರಗಳಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ ಕಂಡರೂ, ಒಳಗೆ ಹಲಂತವೂ ಸೇರಿ ಐದು ಚಿಹ್ನೆಗಳಿವೆ. ಆದ್ದರಿಂದ ಅದು ಹದಿನೈದು ಬೈಟುಗಳಾಗಿ, ವಿಳಾಸದಲ್ಲಿ ನಲವತ್ತೈದು ಅಕ್ಷರಗಳಾಗಿ ಹಿಗ್ಗುತ್ತದೆ. ಒಂದು ಉದ್ದನೆಯ ತಲೆಬರಹವುಳ್ಳ ಲೇಖನದ ವಿಳಾಸ ಪರದೆಯ ತುಂಬ ಹರಡಿಕೊಂಡಾಗ, ಅದು ಕೆಟ್ಟಿದೆಯೆಂದು ತಿಳಿದು ಅಳಿಸುವವರಿದ್ದಾರೆ. ಅದು ಕೆಟ್ಟಿಲ್ಲ, ಹಾಗೆಯೇ ಬಿಡಬೇಕು. ನಾನು ತೆಗೆದುಹಾಕಿದ್ದು ಎರಡೆರಡು ಬಾರಿ ಸೇರಿಕೊಂಡಿದ್ದ ನಮೂದುಗಳನ್ನು ಮಾತ್ರ. ಒಂದೇ ಲೇಖನ ವಾಟ್ಸ್‌ಆ್ಯಪ್‌ನಿಂದ ಒಮ್ಮೆ, ಫೇಸ್‌ಬುಕ್‌ನಿಂದ ಒಮ್ಮೆ ಬಂದಾಗ ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಆರಂಭವಾಗುವ ಹಿಂಬಾಲಕ ಬಾಲವೊಂದು ಅಂಟಿಕೊಂಡು, ಅದು ಬೇರೆಯೇ ಲೇಖನವೆಂಬಂತೆ ತೋರುತ್ತದೆ. ಆ ಬಾಲಗಳನ್ನು ಕತ್ತರಿಸಿ ಹೋಲಿಸಿದಾಗ ಸುಮಾರು ಮುನ್ನೂರು ನಮೂದುಗಳು ಕಡಿಮೆಯಾದವು.

ವಾಲಬ್ಯಾಗ್‌ನ ಆಮದು ಪುಟದಲ್ಲಿ ಪಾಕೆಟ್ ಮಾತ್ರವಲ್ಲದೆ ಇನ್‌ಸ್ಟಾಪೇಪರ್, ಪಿನ್‌ಬೋರ್ಡ್, ಫೈರ್‌ಫಾಕ್ಸ್ ಮತ್ತು ಕ್ರೋಮ್ ಬುಕ್‌ಮಾರ್ಕ್‌ಗಳಿಗೂ ಬೇರೆ ಬೇರೆ ಬಾಗಿಲುಗಳಿವೆ. ಎಲ್ಲವನ್ನೂ ಓದಿದ್ದೆಂದು ಗುರುತಿಸುವ ಆಯ್ಕೆಯೂ ಅಲ್ಲಿದೆ. ನಾನು ಕಡತವನ್ನು ಐದೈದು ನೂರು ಸಾಲುಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ನೆತ್ತಿಯ ಮೇಲೂ ಕಾಲಂ ಹೆಸರುಗಳ ಸಾಲನ್ನು ಉಳಿಸಿಕೊಂಡು, ಒಂದೊಂದಾಗಿ ಕಳುಹಿಸಿದೆ. ಇಲ್ಲಿ ನಡೆಯುವ ಕೆಲಸ ಬರಿಯ ಪಟ್ಟಿಯ ನಕಲಲ್ಲ. ಆ್ಯಪ್ ಪ್ರತಿ ವಿಳಾಸಕ್ಕೂ ಹೋಗಿ, ಪುಟವನ್ನು ತಂದು, ಮೆನು, ಜಾಹೀರಾತು, ‘ಇದನ್ನೂ ಓದಿ’ ಎಂಬ ಪೆಟ್ಟಿಗೆಗಳನ್ನೆಲ್ಲ ಕಳಚಿ, ಲೇಖನದ ಒಡಲನ್ನು ಮಾತ್ರ ತನ್ನ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಇದು ಕ್ಷಣದಲ್ಲಿ ಮುಗಿಯುವ ಕೆಲಸವಲ್ಲ. ರಾತ್ರಿ ಒಂದು ತುಂಡು ಕೊಟ್ಟು ಮಲಗಿ, ಬೆಳಿಗ್ಗೆ ನೋಡಿ, ಇನ್ನೊಂದನ್ನು ಕೊಡುವ ಕ್ರಮ ನನಗೆ ಒಗ್ಗಿತು.

ಯಾವ ಪುಟದಲ್ಲಿ ಲೇಖನದ ಒಡಲು ಎಲ್ಲಿದೆ ಎಂದು ಅದಕ್ಕೆ ತಿಳಿಯುವ ಬಗೆ ನನಗೆ ಅತ್ಯಂತ ಇಷ್ಟವಾದ ಸಂಗತಿ. ಫೈವ್‌ಫಿಲ್ಟರ್ಸ್ ಎಂಬ ಯೋಜನೆಯವರು ಕಾಪಾಡಿಕೊಂಡು ಬಂದಿರುವ ಸಾರ್ವಜನಿಕ ಸಂಗ್ರಹವೊಂದಿದೆ. ಅದರಲ್ಲಿ ಒಂದೊಂದು ಜಾಲತಾಣಕ್ಕೆ ಒಂದೊಂದು ಚಿಕ್ಕ ಕಡತವಿದ್ದು, ತಲೆಬರಹ ಯಾವ ಭಾಗದಲ್ಲಿದೆ, ಒಡಲು ಯಾವುದು, ಏನನ್ನು ಕಿತ್ತುಹಾಕಬೇಕು ಎಂಬ ನಿಯಮಗಳು ಕೆಲವೇ ಸಾಲುಗಳಲ್ಲಿರುತ್ತವೆ. ನಿಯಮವಿಲ್ಲದ ತಾಣಗಳಲ್ಲಿ ಎಲ್ಲಿ ಪಠ್ಯ ದಟ್ಟವಾಗಿದೆಯೋ ಅದೇ ಲೇಖನವಿರಬೇಕೆಂದು ಯಂತ್ರ ಊಹಿಸುತ್ತದೆ. ದೊಡ್ಡ ಇಂಗ್ಲಿಷ್ ಪತ್ರಿಕೆಗಳಿಗೆ ಯಾರೋ ಎಂದೋ ನಿಯಮ ಬರೆದಿಟ್ಟಿದ್ದಾರೆ. ನಾನು ಓದುವ ಕನ್ನಡದ ಸಣ್ಣ ತಾಣಗಳಿಗೆ ಅದನ್ನು ನಮ್ಮವರೇ ಬರೆಯಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಪಕ್ಕದಲ್ಲಿ ಕುಳಿತು, “ಇದು ವ್ಯಾಕರಣದಲ್ಲಿ ವಾಕ್ಯ ವಿಭಜನೆ ಮಾಡಿದ ಹಾಗೇ ಮೇಡಂ, ಕರ್ತೃ ಎಲ್ಲಿ, ಕರ್ಮ ಎಲ್ಲಿ ಅಂತ ತೋರಿಸಿದರಾಯಿತು” ಎಂದು ಹೇಳಿಕೊಟ್ಟ. ಒಂದು ತಾಣಕ್ಕೆ ಸರಿಯಾದ ನಿಯಮ ಬರೆದರೆ ಆ ಸಂಗ್ರಹವನ್ನು ಬಳಸುವ ಎಲ್ಲರಿಗೂ ಅದು ಸಲ್ಲುತ್ತದೆ. ಕನ್ನಡಕ್ಕಾಗಿ ಏನಾದರೂ ಮಾಡಬೇಕೆಂದು ಹಂಬಲಿಸುವ ತಂತ್ರಜ್ಞ ಗೆಳೆಯರಿಗೆ ಇದಕ್ಕಿಂತ ಕಡಿಮೆ ಶ್ರಮದ, ಹೆಚ್ಚು ಫಲದ ಕೆಲಸ ಇನ್ನೊಂದು ನನಗೆ ತೋರುತ್ತಿಲ್ಲ.

ಎಲ್ಲ ತುಂಡುಗಳೂ ಒಳಗೆ ಬಂದ ಮೇಲೆ ಲೆಕ್ಕ ಹಾಕಿದೆ. ನಾಲ್ಕರಲ್ಲಿ ಮೂರು ಪಾಲು ಬರಹಗಳು ಪೂರ್ಣ ಪಠ್ಯದೊಂದಿಗೆ ಬಂದಿದ್ದವು, ಒಂದು ಪಾಲು ಬರಲಿಲ್ಲ. ಇದು ಆ್ಯಪ್‌ನ ದೋಷವಲ್ಲ. ಆ ಪುಟಗಳೇ ಇಲ್ಲವಾಗಿದ್ದವು. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದಾಗ ಅದು ದೂರದ ಸುದ್ದಿಯಾಗಿತ್ತು. ನನ್ನದೇ ಪಟ್ಟಿಯಲ್ಲಿ 2012ರಿಂದ 2015ರವರೆಗಿನ ಸಾಲುಗಳು ಒಂದರ ಹಿಂದೊಂದು ಖಾಲಿಯಾಗಿ ಕಂಡಾಗ ಅದು ಮನೆಯ ಸುದ್ದಿಯಾಯಿತು. ಹೆಚ್ಚು ಬಾಳಿದವು ಯಾವುವು ಎಂಬುದರಲ್ಲಿ ಒಂದು ಅಚ್ಚರಿ ಇತ್ತು. ಬರೆದವರು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ ಬ್ಲಾಗ್‌ಸ್ಪಾಟ್‌ನ ಕನ್ನಡ ಬ್ಲಾಗುಗಳು ಬಹುಮಟ್ಟಿಗೆ ಹಾಗೆಯೇ ಇದ್ದವು. ಕಾಣೆಯಾದವುಗಳಲ್ಲಿ ಹೆಚ್ಚಿನವು, ಜಾಲತಾಣವನ್ನು ಹೊಸದಾಗಿ ಕಟ್ಟುವಾಗ ಹಳೆಯ ವಿಳಾಸಗಳನ್ನು ಹೊಸದಕ್ಕೆ ಜೋಡಿಸದೆ ಬಿಟ್ಟ ಪತ್ರಿಕೆಗಳ ಲೇಖನಗಳು. ಒಬ್ಬ ಗೃಹಿಣಿ ತನ್ನ ಊರಿನ ಹಬ್ಬದ ಬಗ್ಗೆ ಬರೆದದ್ದು ಉಳಿದು, ಸಂಬಳದ ಸಂಪಾದಕರಿದ್ದ ಕಡೆ ಒಂದು ಕಾಲದ ಭಾನುವಾರದ ಪುರವಣಿಗಳೇ ಅಳಿದಿರುವುದು ನನಗೆ ನೋವಿನ ವಿಷಯ.

ಬಾರದೆ ಹೋದವನ್ನು ಗುರುತಿಸಲು ವಾಲಬ್ಯಾಗ್‌ನ ಶೋಧಕ ಪಟ್ಟಿ ಬಹಳ ನೆರವಾಯಿತು. ಪುಟ ಸಿಗಲಿಲ್ಲವೆಂದು ಸರ್ವರ್ ಹೇಳುವ 404 ಎಂಬ ಸಂಕೇತದ ಆಧಾರದ ಮೇಲೆ ನಮೂದುಗಳನ್ನು ಬೇರ್ಪಡಿಸಬಹುದು. ಜಾಲತಾಣದ ಹೆಸರು, ಭಾಷೆ, ಸೇರಿಸಿದ ದಿನ, ಓದಲು ತಗಲುವ ಸಮಯ ಇವುಗಳ ಮೇಲೂ ಬೇರ್ಪಡಿಸಬಹುದು. ಆದರೆ ಕೆಲವು ತಾಣಗಳು ಇಲ್ಲದ ಪುಟವನ್ನು ಇಲ್ಲವೆಂದು ಹೇಳದೆ, ಓದುಗರನ್ನು ತಮ್ಮ ಮುಖಪುಟಕ್ಕೆ ತಂದು ನಿಲ್ಲಿಸುತ್ತವೆ. ಆಗ 404 ಎಂಬ ಗುರುತು ಬೀಳುವುದಿಲ್ಲ. ತಲೆಬರಹ ಹತ್ತು ವರ್ಷ ಹಿಂದಿನದು, ಕೆಳಗಿನ ಪಠ್ಯ ಇಂದಿನ ಚಿನ್ನದ ದರದ್ದು. ಓದುವ ಸಮಯ ಒಂದು ನಿಮಿಷಕ್ಕಿಂತ ಕಡಿಮೆ ಇರುವವನ್ನೆಲ್ಲ ಒಟ್ಟುಗೂಡಿಸಿ, ಒಂದೊಂದನ್ನೂ ಕಣ್ಣಾರೆ ನೋಡಿದಾಗ ಇಂಥವು ಹಲವು ಸಿಕ್ಕವು.

ಕಾಣೆಯಾದ ಬರಹಗಳಿಗೆ ಕೊನೆಯ ಆಸರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ವಿಳಾಸವನ್ನು ಅಲ್ಲಿ ಕೊಟ್ಟರೆ, ಯಾವ ಯಾವ ದಿನ ಆ ಪುಟದ ಪ್ರತಿಯನ್ನು ತೆಗೆದಿಟ್ಟಿದ್ದಾರೆ ಎಂದು ಪಂಚಾಂಗದ ರೂಪದಲ್ಲಿ ತೋರಿಸುತ್ತದೆ. ಆ ಪ್ರತಿಯ ವಿಳಾಸವನ್ನೇ ವಾಲಬ್ಯಾಗ್‌ಗೆ ಕೊಡಬಹುದು. ಇಲ್ಲೊಂದು ಉಪಾಯ ತಿಳಿದಿದ್ದರೆ ಒಳ್ಳೆಯದು. ವೇಬ್ಯಾಕ್ ವಿಳಾಸದ ನಡುವೆ ಹದಿನಾಲ್ಕು ಅಂಕಿಗಳ ಕಾಲಮುದ್ರೆ ಇರುತ್ತದೆ. ಅದರ ಬೆನ್ನಿಗೇ ರೋಮನ್ ಲಿಪಿಯಲ್ಲಿ ಐ, ಡಿ ಎಂಬ ಎರಡು ಸಣ್ಣಕ್ಷರಗಳನ್ನೂ ಒಂದು ಕೆಳಗೆರೆಯನ್ನೂ ಸೇರಿಸಿದರೆ, ಆರ್ಕೈವ್‌ನ ತಲೆಪಟ್ಟಿ ಇಲ್ಲದೆ ಮೂಲ ಪುಟ ಇದ್ದ ಹಾಗೆಯೇ ಸಿಗುತ್ತದೆ, ಮತ್ತು ಅದರಿಂದ ಲೇಖನದ ಒಡಲನ್ನು ತೆಗೆಯುವುದು ಸುಲಭವಾಗುತ್ತದೆ. ದಸರಾ ರಜೆಯ ಬಹುಪಾಲನ್ನು ನಾನು ಇದಕ್ಕೇ ಕೊಟ್ಟೆ. ಸಿಗಲಾರದೆಂದುಕೊಂಡಿದ್ದ ಬರಹಗಳಲ್ಲಿ ಸುಮಾರು ಆರುನೂರು ಹೀಗೆ ಮರಳಿ ಬಂದವು.

ಪಠ್ಯ ಬಂದರೂ ಓದಲಾಗದ ಬರಹಗಳ ಗುಂಪೊಂದು ಬೇರೆಯೇ ಇದೆ. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತಕ್ರಮ ಎಲ್ಲೆಡೆ ಹರಡುವ ಮೊದಲು ಕನ್ನಡದ ಹಲವು ತಾಣಗಳು ತಮ್ಮದೇ ಫಾಂಟುಗಳನ್ನು ಬಳಸುತ್ತಿದ್ದವು. ಅಲ್ಲಿ ಕಡತದೊಳಗೆ ಇರುತ್ತಿದ್ದುದು ರೋಮನ್ ಅಕ್ಷರಗಳೇ, ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟು. ಓದುವ ಆ್ಯಪ್ ಪುಟದ ಅಲಂಕಾರವನ್ನೆಲ್ಲ ಕಳಚುವಾಗ ಫಾಂಟನ್ನೂ ಕಳಚುತ್ತದೆ, ಆಗ ಉಳಿಯುವುದು ಅರ್ಥವಿಲ್ಲದ ರೋಮನ್ ಸಾಲು. ಯಾವ ಆ್ಯಪ್ ಆದರೂ ಇದನ್ನು ತಾನಾಗಿ ಸರಿಪಡಿಸುತ್ತದೆಂದು ನಿರೀಕ್ಷಿಸಬಾರದು. ಆ ಪಠ್ಯವನ್ನು ನಕಲು ಮಾಡಿ, ಆಸ್ಕಿ ಎಂದು ಕರೆಯುವ ಆ ಹಳೆಯ ಕ್ರಮದಿಂದ ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣವೊಂದರಲ್ಲಿ ಹಾಕಿ ನೋಡಬಹುದು. ನುಡಿ, ಬರಹ ಮೊದಲಾದ ಕನ್ನಡ ಟೈಪಿಂಗ್ ತಂತ್ರಾಂಶಗಳ ಅಕ್ಷರಕ್ರಮಗಳಿಗೆ ಅಂಥ ಪರಿವರ್ತಕಗಳಿವೆ.

ಹುಡುಕಾಟದ ವಿಷಯದಲ್ಲಿ ವಾಲಬ್ಯಾಗ್ ಕನ್ನಡಕ್ಕೆ ಅನಿರೀಕ್ಷಿತವಾಗಿ ಒಪ್ಪುತ್ತದೆ. ತಲೆಬರಹ, ವಿಳಾಸ ಮತ್ತು ಪೂರ್ಣ ಪಠ್ಯ ಮೂರರಲ್ಲಿಯೂ ಅದು ಹುಡುಕುತ್ತದೆ, ಮತ್ತು ಪದವನ್ನಲ್ಲ, ಅಕ್ಷರಗಳ ಸರಣಿಯನ್ನು ಹುಡುಕುತ್ತದೆ. ವಿಭಕ್ತಿಗಳು ನಾಮಪದಕ್ಕೆ ಅಂಟಿಕೊಂಡೇ ಬರುವ ನಮ್ಮ ಭಾಷೆಗೆ ಇದೇ ಬೇಕಾದದ್ದು. ‘ಕೆರೆ’ ಎಂದು ಕೊಟ್ಟರೆ ಕೆರೆಯ, ಕೆರೆಗಳು, ಕೆರೆಯಂಗಳ ಎಲ್ಲವೂ ಬರುತ್ತವೆ, ಜೊತೆಗೆ ‘ಕೆರೆದು’ ಎಂಬುದೂ ಬರುತ್ತದೆ ಎಂಬುದನ್ನು ಸಹಿಸಿಕೊಳ್ಳಬೇಕು. ‘ಊರು’ ಎಂದು ಹುಡುಕಿದರೆ ಊರಿನ, ಊರಲ್ಲಿ ಎಂಬವು ತಪ್ಪಿಹೋಗುತ್ತವೆ. ಕೊನೆಯ ಉಕಾರವನ್ನು ಬಿಟ್ಟು ‘ಊರ’ ಎಂದು ಕೊಟ್ಟರೆ ಎಲ್ಲವೂ ಸಿಗುತ್ತವೆ, ಏಕೆಂದರೆ ಕಂಪ್ಯೂಟರ್‌ನ ಒಳಗೆ ‘ರು’ ಎಂಬುದು ‘ರ’ ಮತ್ತು ಕೊಂಬು ಎಂಬ ಎರಡು ಚಿಹ್ನೆಗಳ ಜೋಡಿ. ತೊಡಕು ಬರುವುದು ‘ಸಾಫ್ಟ್‌ವೇರ್’ನಂತಹ ಪದಗಳಲ್ಲಿ. ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಅಕ್ಷರ ಹೋಲಿಸುವ ಯಂತ್ರಕ್ಕೆ ಇವೆರಡೂ ಬೇರೆ ಬೇರೆ ಪದಗಳು. ಅಂಥಲ್ಲಿ ಪದದ ಮೊದಲ ಭಾಗವನ್ನಷ್ಟೇ ಕೊಟ್ಟು ಹುಡುಕುವುದು ಒಳ್ಳೆಯದು.

ಓದುವ ಪುಟ ಸರಳವಾಗಿದೆ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಪುಟದ ಅಗಲ ಇವನ್ನು ಬದಲಿಸಿಕೊಳ್ಳಬಹುದು. ಅದು ಕೊಡುವ ಫಾಂಟುಗಳು ರೋಮನ್ ಲಿಪಿಯವು, ಕನ್ನಡಕ್ಕೆ ನಮ್ಮ ಫೋನು ಅಥವಾ ಕಂಪ್ಯೂಟರಿನ ಫಾಂಟೇ ಗತಿ. ಒತ್ತಕ್ಷರಗಳು ಒಂದರ ಮೇಲೊಂದು ಬೀಳದಂತೆ ಸಾಲುಗಳ ಅಂತರವನ್ನು ಸ್ವಲ್ಪ ಹೆಚ್ಚಿಸಿಕೊಂಡರೆ ಕಣ್ಣಿಗೆ ಹಿತವಾಗುತ್ತದೆ. ಆಂಡ್ರಾಯ್ಡ್ ಆ್ಯಪ್‌ನಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯವಿದ್ದು, ಅದು ಫೋನಿನಲ್ಲಿರುವ ಧ್ವನಿಯನ್ನು ಬಳಸುತ್ತದೆ. ಗೂಗಲ್‌ನ ಕನ್ನಡ ಧ್ವನಿ ಅದರೊಂದಿಗೆ ಹೊಂದಿಕೊಳ್ಳುತ್ತದೆ. ಕಣ್ಣಿನ ಪೊರೆಯಿಂದ ಓದು ನಿಂತುಹೋಗಿದ್ದ ನಮ್ಮ ತಂದೆಯವರು ಈಗ ಸಂಜೆ ಜಗುಲಿಯ ಮೇಲೆ ಕುಳಿತು, ನಾನು ಆರಿಸಿಟ್ಟ ಎರಡು ಬರಹಗಳನ್ನು ಕೇಳುತ್ತಾರೆ. “ಆ ಯಂತ್ರಕ್ಕೆ ಎಲ್ಲಿ ಉಸಿರು ತೆಗೆದುಕೋಬೇಕು ಅಂತ ಗೊತ್ತಿಲ್ಲ ಕಣಮ್ಮ, ಆದರೂ ವಿಷಯ ತಿಳಿಯುತ್ತೆ” ಎಂದು ಅವರು ಹೇಳಿದ್ದನ್ನು ನಾನು ಈ ಆ್ಯಪ್‌ಗೆ ಸಂದ ದೊಡ್ಡ ಪ್ರಶಸ್ತಿಯೆಂದು ಭಾವಿಸುತ್ತೇನೆ.

ಇದರ ಮಿತಿಗಳಲ್ಲಿ ಒಂದನ್ನು ಗಂಭೀರವಾಗಿ ತಿಳಿದಿರಬೇಕು. ಪಠ್ಯವನ್ನು ಉಳಿಸಿಕೊಳ್ಳುವಂತೆ ಚಿತ್ರಗಳನ್ನು ಉಳಿಸಿಕೊಳ್ಳುವುದು ವಾಲಬ್ಯಾಗ್‌ನ ಸಹಜ ಕ್ರಮವಲ್ಲ. ಚಿತ್ರಗಳನ್ನೂ ಇಳಿಸಿಕೊಳ್ಳುವಂತೆ ಮಾಡುವ ಆಯ್ಕೆ ಸರ್ವರ್ ನಡೆಸುವವರ ಕೈಯಲ್ಲಿರುತ್ತದೆ, ಮತ್ತು ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ. ಶಾಸನದ ಕಲ್ಲು, ತಾಳೆಗರಿ, ನಕ್ಷೆಗಳ ಬಗ್ಗೆ ಬರೆದ ಲೇಖನಗಳಲ್ಲಿ ಚಿತ್ರವೇ ಅರ್ಧ ವಿಷಯ. ಮೂಲ ತಾಣ ಮುಚ್ಚಿದ ದಿನ ಅವು ಹೋಗುತ್ತವೆ. ಅಂಥ ಬರಹಗಳ ಚಿತ್ರಗಳನ್ನು ನಾನು ಬೇರೆಯಾಗಿ ಇಳಿಸಿಕೊಂಡಿದ್ದೇನೆ. ಪಾಕೆಟ್‌ನಲ್ಲಿ ನಾನು ಬಣ್ಣ ಬಳಿದು ಗುರುತಿಸಿಕೊಂಡಿದ್ದ ಸಾಲುಗಳು ಬೇರೊಂದು ಕಡತವಾಗಿ ಬಂದವು. ಅವನ್ನು ಹೊಸ ಮನೆಯಲ್ಲಿ ಅದೇ ಸಾಲುಗಳ ಮೇಲೆ ಕೂರಿಸುವ ಕೆಲಸಕ್ಕೆ ನಾನು ಕೈಹಾಕಲಿಲ್ಲ, ಟಿಪ್ಪಣಿಗಳಾಗಿ ಓದಿಕೊಳ್ಳುತ್ತಿದ್ದೇನೆ.

ಚಂದಾ ಇರುವ ಪತ್ರಿಕೆಗಳ ಲೇಖನಗಳಿಗೆ ವಾಲಬ್ಯಾಗರ್ ಎಂಬ ಬ್ರೌಸರ್ ವಿಸ್ತರಣೆ ಉಪಯುಕ್ತ. ಸರ್ವರ್ ಹೊರಗಿನಿಂದ ಹೋಗಿ ಬೀಗ ಹಾಕಿದ ಬಾಗಿಲನ್ನು ಕಂಡು ಮರಳುವ ಬದಲು, ಚಂದಾದಾರರಾದ ನಮ್ಮ ಬ್ರೌಸರ್‌ನಲ್ಲಿ ಈಗಾಗಲೇ ತೆರೆದಿರುವ ಪುಟದ ಪಠ್ಯವನ್ನೇ ಇದು ಕಳುಹಿಸಬಲ್ಲದು.

ಬೇರೆ ಆ್ಯಪ್‌ಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. 2008ರಿಂದ ಇರುವ ಇನ್‌ಸ್ಟಾಪೇಪರ್‌ನ ಓದುವ ಪುಟ ಇದಕ್ಕಿಂತ ಹೆಚ್ಚು ಹದವಾಗಿದೆ. ಅದರಲ್ಲಿ ಪೂರ್ಣ ಪಠ್ಯದ ಹುಡುಕಾಟ ಹಣ ಕೊಡುವವರಿಗೆ ಮಾತ್ರ. ಕೋಬೋ ಎಂಬ ಇ-ಪುಸ್ತಕ ಓದುವ ಉಪಕರಣಗಳಲ್ಲಿ ಪಾಕೆಟ್‌ನ ಜಾಗಕ್ಕೆ ಬಂದಿರುವುದು ಅದೇ, ಹಾಗಾಗಿ ಆ ಉಪಕರಣ ಇರುವವರು ಯೋಚಿಸದೆ ಅದನ್ನು ಆರಿಸಿಕೊಳ್ಳಬಹುದು. ರೇನ್‌ಡ್ರಾಪ್ ಕೊಂಡಿಗಳನ್ನು ವಿಂಗಡಿಸಿ ಜೋಡಿಸಿಡುವವರಿಗೆ ಒಪ್ಪುವಂಥದ್ದು. ಪುಟಗಳ ಶಾಶ್ವತ ಪ್ರತಿ ಬೇಕೆಂದರೆ ಅಲ್ಲಿಯೂ ಹಣ ಕೊಡಬೇಕು. ರೀಡ್‌ವೈಸ್‌ನವರ ರೀಡರ್ ಸಾಲು ಗುರುತಿಸಿ ಟಿಪ್ಪಣಿ ಮಾಡುವ ಸಂಶೋಧಕರಿಗೆ ಬಲವಾದ ಸಾಧನ, ಆದರೆ ಪ್ರಯೋಗದ ಅವಧಿ ಮುಗಿದ ಮೇಲೆ ಅದರ ಬೆಲೆ ನಮ್ಮ ಸಂಬಳಗಳಿಗೆ ಭಾರ. ಇವತ್ತಿನ ಓದನ್ನು ನಾಳೆಗೆ ಮುಂದೂಡುವುದಷ್ಟೇ ಉದ್ದೇಶವಾಗಿದ್ದರೆ ಇವುಗಳಲ್ಲಿ ಯಾವುದಾದರೂ ಆದೀತು. ಹತ್ತು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ ನನ್ನ ಮತ ವಾಲಬ್ಯಾಗ್‌ಗೆ.

ಆ ಮತಕ್ಕೆ ಮುಖ್ಯ ಕಾರಣ ಅದರ ಹೊರಬಾಗಿಲು. ಇಪಬ್ ಎಂಬ ಇ-ಪುಸ್ತಕದ ರೂಪ, ಪಿಡಿಎಫ್, ಬೇರೆ ತಂತ್ರಾಂಶಗಳು ಓದಬಲ್ಲ ಜೇಸನ್, ಸಿಎಸ್‌ವಿ, ಬರಿಯ ಪಠ್ಯ ಹೀಗೆ ಹಲವು ರೂಪಗಳಲ್ಲಿ, ವಿಳಾಸಗಳನ್ನಲ್ಲ, ಲೇಖನಗಳನ್ನೇ ಅದು ಕೈಗೆ ಕೊಡುತ್ತದೆ. ಕನ್ನಡಕ್ಕೆ ಇಪಬ್ ಹೆಚ್ಚು ಸುರಕ್ಷಿತ, ಏಕೆಂದರೆ ಅದರಲ್ಲಿ ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಓದುವ ಉಪಕರಣಕ್ಕೆ ಸೇರಿದ್ದು. ಪ್ರತಿ ತಿಂಗಳ ಮೊದಲ ಭಾನುವಾರ ಇಡೀ ಸಂಗ್ರಹದ ಜೇಸನ್ ಪ್ರತಿಯೊಂದನ್ನು ಇಳಿಸಿಕೊಂಡು, ಒಂದನ್ನು ಕಂಪ್ಯೂಟರಿನಲ್ಲಿಯೂ ಇನ್ನೊಂದನ್ನು ಪೆನ್‌ಡ್ರೈವ್‌ನಲ್ಲಿಯೂ ಇಡುತ್ತಿದ್ದೇನೆ. ಸೇವೆ ನಿಂತರೂ, ಅದೇ ತಂತ್ರಾಂಶವನ್ನು ಬೇರೆ ಕಡೆ ಸ್ಥಾಪಿಸಿ ಆ ಕಡತವನ್ನು ಮತ್ತೆ ಒಳಗೆ ಹಾಕಿಕೊಳ್ಳಬಹುದು.

ಎಲ್ಲಿಯೂ ಸಿಗದೆ ಉಳಿದ ಎಂಟುನೂರಕ್ಕೂ ಹೆಚ್ಚು ನಮೂದುಗಳನ್ನು ನಾನು ಅಳಿಸಲಿಲ್ಲ. ಪಾಕೆಟ್‌ನ ಮೂಲ ಕಡತದಲ್ಲಿದ್ದ ಹತ್ತಂಕಿಯ ಸಂಖ್ಯೆಗಳು ಕೆಲಸಕ್ಕೆ ಬಂದದ್ದು ಇಲ್ಲಿ. ಪತ್ರಿಕೆಯ ಲೇಖನವನ್ನು ನಾನು ಬಹುತೇಕ ಪ್ರಕಟವಾದ ದಿನ ಅಥವಾ ಮರುದಿನವೇ ಉಳಿಸಿಕೊಳ್ಳುತ್ತಿದ್ದೆ. ಸೆಕೆಂಡುಗಳ ಲೆಕ್ಕವನ್ನು ದಿನಾಂಕವಾಗಿ ಪರಿವರ್ತಿಸಿ, ತಲೆಬರಹಗಳೊಂದಿಗೆ ಒಂದು ಪಟ್ಟಿ ಮಾಡಿಕೊಂಡು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಹಳೆಯ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳನ್ನು 2013ರ ಸಂಪುಟದಿಂದ ಆರಂಭಿಸಿ ತಿರುವುತ್ತಿದ್ದೇನೆ. ಇದುವರೆಗೆ ಹನ್ನೊಂದು ಲೇಖನಗಳು ಸಿಕ್ಕಿವೆ. ಅವುಗಳಲ್ಲಿ ಕೆರೆಯ ತೂಬುಗಳ ಬಗೆಗಿನ ಒಂದನ್ನು ಈ ಸೆಮಿಸ್ಟರಿನ ವಿದ್ಯಾರ್ಥಿಗಳು ಟೈಪ್ ಮಾಡುತ್ತಿದ್ದಾರೆ.